ಕೀಲಿ ಹಾಕಿದ ಮನೆಯ ಹೊಗೆ

ಅಕ್ಕ ತೀರಿಕೊಂಡ ಮೇಲೆ ಅವಳ ಕೀಲಿಕೈಗಳ ಗೊಂಚಲು ನಮ್ಮ ಮನೆಯಲ್ಲೇ ಉಳಿಯಿತು. ಈಗ ಅದು ನನ್ನ ಮುಂದಿನ ಖೋಲಿಯ ಗೋಡೆಯಲ್ಲಿ, ಬ್ಯಾಂಕಿನ ದುಡ್ಡು ಬಿಡಿಸಲು ಬೆರಳೊತ್ತುವ ಮಿಷನ್ನಿನ ಹಿಂದೆ, ಒಂದು ಮೊಳೆಗೆ ತೂಗುತ್ತಿದೆ. ಫ್ಯಾನು ಹಾಕಿದರೆ ಸಾಕು, ಕಿಣಿಕಿಣಿ ಅನ್ನುತ್ತದೆ. ಅವಳು ಬರುವ ಮೊದಲು ಅವಳ ಸೊಂಟದ ಈ ಸದ್ದು ಬರುತ್ತಿತ್ತು. ಹಾಗಾಗಿ ಮೊದಮೊದಲು ನಾನು ತಲೆ ಎತ್ತಿ ಬಾಗಿಲ ಕಡೆ ನೋಡಿಬಿಡುತ್ತಿದ್ದೆ. ಈಗಲೂ ನೋಡುತ್ತೇನೆ, ಸುಳ್ಳು ಯಾಕೆ ಹೇಳಲಿ.

ಅವಳು ನನ್ನ ಒಡಹುಟ್ಟಿದವಳಲ್ಲ. ತೆಲಂಗಾಣದಲ್ಲಿ ಉಟ್ಕೂರಿನಿಂದ ಮಕ್ತಲ್‌ಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗಿರುವ ನಮ್ಮ ಊರಿನ ನೇಕಾರರ ಓಣಿಗೆಲ್ಲ ಅವಳು ಅಕ್ಕ. ಹೆಸರು ಬರೆಯುವುದಿಲ್ಲ. ನಮ್ಮಲ್ಲಿ ಎಲ್ಲಿ ಹೆಸರು ಬರೆದರೂ ಮುಂದೆ ಗಂಡನ ಹೆಸರು ಕೇಳುತ್ತಾರೆ. ಅಲ್ಲಿಗೆ ಬಂದಾಗ ಅವಳ ಮುಖ ಹೇಗಾಗುತ್ತಿತ್ತು ಅಂತ ನಾನು ಕಂಡಿದ್ದೇನೆ.

ಗಂಡ ಒಳ್ಳೆಯ ನೇಕಾರನಂತೆ. ನಾನು ಈ ಊರಿಗೆ ಸೊಸೆಯಾಗಿ ಬರುವ ಹೊತ್ತಿಗೆ ಅವನು ಭಿವಂಡಿಯ ಪವರ್‌ಲೂಮಿಗೆ ಹೋಗಿ ಎಷ್ಟೋ ಕಾಲವಾಗಿತ್ತು. ಮೊದಲೆರಡು ವರ್ಷ ದುಡ್ಡು ಬಂತು, ಆಮೇಲೆ ಊರಿನ ಯಾರದೋ ಕೈಯಲ್ಲಿ ಒಂದು ಸೀರೆ ಬಂತು, ಆಮೇಲೆ ಏನೂ ಬರಲಿಲ್ಲ. ಜೊತೆಗೆ ಹೋದವರು ಕಾರ್ಖಾನೆ ಬಿಟ್ಟ ಅಂದರು, ಒಬ್ಬ ಸೂರತ್ತಿನಲ್ಲಿ ಕಂಡೆ ಅಂದ, ಇನ್ನೊಬ್ಬ ಮಾತು ಬದಲಿಸಿದ. ಅಕ್ಕ ಕುಂಕುಮ ಬಿಡಲಿಲ್ಲ, ಹಸಿರು ಬಳೆ ಬಿಡಲಿಲ್ಲ. ಗಂಡ ಬಿಟ್ಟುಹೋದವರಿಗೆ ಸರಕಾರದ ಪಿಂಚಣಿ ಇದೆ, ಅರ್ಜಿ ಹಾಕು ಅಂತ ನಾನೇ ಗಂಟುಬಿದ್ದೆ. ಅವನು ಬಿಟ್ಟುಹೋಗಿಲ್ಲ, ಕೆಲಸಕ್ಕೆ ಹೋಗಿದ್ದಾನೆ ಅಂದಳು. ಓಣಿಯ ಅರ್ಧ ಜನ ಕೆಲಸಕ್ಕೆ ಹೋದವರೇ ಆದ್ದರಿಂದ, ತಂದಿದ್ದ ಅರ್ಜಿಯ ಕಾಗದ ಮಡಿಚಿ ಇಟ್ಟೆ.

ನಮ್ಮ ಕಡೆಯವರು ಊರು ಬಿಡುವುದು ಹೊಸದೇನಲ್ಲ. ಅಜ್ಜಂದಿರು ಕೆರೆ, ಕಾಲುವೆ ಅಗೆಯಲು ಹೋದರು. ಮಗ್ಗದವರು ಸೊಲ್ಲಾಪುರ, ಭಿವಂಡಿಗೆ ಹೋದರು. ಈಗ ಎಲ್ಲರೂ ಸೇರಿ ಪುಣೆ, ಮುಂಬೈ, ಹೈದರಾಬಾದಿನ ಕಟ್ಟಡಗಳಿಗೆ ಹೋಗುತ್ತಾರೆ. ಹಬ್ಬ ಮುಗಿಯುತ್ತಿದ್ದಂತೆ ಕೂಲಿಗೆ ಕರೆದೊಯ್ಯುವ ಮೇಸ್ತ್ರಿ ಬಂದು ನಿಲ್ಲುತ್ತಾನೆ, ಓಣಿ ಬರಿದಾಗುತ್ತದೆ. ಆಮೇಲೆ ಅವರು ಕಳಿಸಿದ ದುಡ್ಡು ನನ್ನ ಮಿಷನ್ನಿನ ಮೂಲಕ ಊರಿಗೆ ಬರುತ್ತದೆ. ಒಂದಿಷ್ಟು ಮಕ್ಕಳ ಫೀಸಿಗೆ ನಾರಾಯಣಪೇಟೆಗೆ ಹೋಗುತ್ತದೆ, ಒಂದಿಷ್ಟು ಬೋರಿಗೆ, ಉಳಿದದ್ದು ಮನೆಗೆ. ತಮಾಷೆ ನೋಡಿ, ನಮ್ಮವರು ಪುಣೆಯಲ್ಲಿ ಯಾರದೋ ಮನೆ ಕಟ್ಟುತ್ತಾರೆ, ಇಲ್ಲಿ ಅವರ ಮನೆ ಕಟ್ಟಲು ಒಡಿಶಾದಿಂದ ಗೌಂಡಿಗಳು ಬರುತ್ತಾರೆ. ಸ್ಲ್ಯಾಬು ಬೀಳುತ್ತದೆ, ಬಣ್ಣ ಬಳಿಯುತ್ತಾರೆ, ಗೃಹಪ್ರವೇಶದ ಊಟವಾಗುತ್ತದೆ. ಮನೆಯ ಯಜಮಾನ ಕೈ ಒರೆಸಿಕೊಂಡು, ಹೊಸ ಬಾಗಿಲಿಗೆ ಕೀಲಿ ಜಡಿದು, ಮತ್ತೆ ಬಸ್ಸು ಹತ್ತುತ್ತಾನೆ. ಹತ್ತುವ ಮುಂಚೆ ಕೀಲಿಕೈ ಅಕ್ಕನ ಕೈಗೆ ಕೊಟ್ಟು ಹೋಗುತ್ತಾನೆ.

ಕೀಲಿಕೈ ತಗೊಳ್ಳುವಾಗ ಅವಳು ಆ ಮನೆಯ ಹೆಂಗಸಿನ ಹತ್ತಿರ ಹಳೆ ಸೀರೆಯ ಒಂದು ಚೂರು ಕೇಳುತ್ತಿದ್ದಳು. ಅದನ್ನು ಕೀಲಿಕೈಗೆ ಕಟ್ಟಿಕೊಳ್ಳುತ್ತಿದ್ದಳು, ಬಟ್ಟೆ ನೋಡಿದರೆ ಮನುಷ್ಯರು ನೆನಪಿಗೆ ಬರುತ್ತಾರೆ ಅಂತ. ಮನುಷ್ಯರು ನೆನಪಿಗೆ ಬರುತ್ತಿದ್ದರೇನೋ, ಕೀಲಿಕೈ ಮಾತ್ರ ಒಂದೂ ಸರಿಯಾಗಿ ಸಿಗುತ್ತಿರಲಿಲ್ಲ. ಬಿಸಿಲಲ್ಲಿ ನಿಂತು ಒಂದಾದ ಮೇಲೊಂದು ತುರುಕಿ ತಿರುವಿ, ಕೊನೆಗೆ ಬಾಗಿಲಿಗೇ ಬೈಯುತ್ತಿದ್ದಳು. ನಾನು ನಕ್ಕರೆ ನನಗೂ ಒಂದು ಬೈಗುಳ.

ಬಾಗಿಲು ತೆಗೆದ ಮೇಲೆ ಅವಳ ಕೆಲಸ ಶುರು. ಕಸ ಹೊಡೆದು, ಹೊಸ್ತಿಲು ತೊಳೆದು, ದೇವರ ಗೂಡಿನಲ್ಲಿ ದೀಪ ಇಟ್ಟು, ಹಿಂದಿನ ತಗಡಿನ ಅಡಿಗೆಮನೆಗೆ ಹೋಗುತ್ತಿದ್ದಳು. ಗ್ಯಾಸು ಬಂದರೂ ನಮ್ಮಲ್ಲಿ ಹಿಂದೆ ಒಂದು ಮಣ್ಣಿನ ಒಲೆ ಇದ್ದೇ ಇರುತ್ತದೆ. ಅದಕ್ಕೆ ನಾಲ್ಕು ತೊಗರಿ ಕಟ್ಟಿಗೆ, ಎರಡು ಸಗಣಿ ಕುಳ್ಳು ಹಾಕಿ ಹೊಗೆ ಎಬ್ಬಿಸಿ, ಮುಂದಿನ ಬಾಗಿಲಿಗೆ ಕೀಲಿ ಹಾಕಿಕೊಂಡು ಇನ್ನೊಂದು ಮನೆಗೆ ನಡೆಯುತ್ತಿದ್ದಳು. ಬಹಳ ದಿನ ಒಲೆ ಉರಿಯದ ಮನೆಯನ್ನು ನಮ್ಮ ಕಡೆ ಸತ್ತ ಮನೆ ಅನ್ನುತ್ತಾರೆ. ಪೂಜೆ ಮಾಡಿಸದೆ ಯಾರೂ ಮತ್ತೆ ಒಳಗೆ ಕಾಲಿಡುವುದಿಲ್ಲ. ಗೆದ್ದಲು, ಬಾವಲಿಗೂ ಹೊಗೆ ಒಳ್ಳೆಯ ಮದ್ದು. ಅಮಾಸೆಗೆ ಒಮ್ಮೆಯಂತೂ ತಪ್ಪುತ್ತಿರಲಿಲ್ಲ, ನಡುವೆ ಮನಸ್ಸು ಬಂದಾಗಲೂ ಹಚ್ಚುತ್ತಿದ್ದಳು. ಹೀಗೆ ನಮ್ಮ ಊರಿನಲ್ಲಿ ಕೀಲಿ ಹಾಕಿದ ಮನೆಯಿಂದ ಹೊಗೆ ಬರುವುದು ಯಾರಿಗೂ ವಿಚಿತ್ರವಲ್ಲ. ನೆಂಟರು ಬಂದವರು ಹೆದರಿ ಕೇಳಿದರೆ ನಾವು ನಗುತ್ತಿದ್ದೆವು.

ಒಮ್ಮೆ ಸರ್ವೆಗೆ ಬಂದ ಹುಡುಗಿ ಒಂದೊಂದೇ ಮನೆ ನೋಡಿ, ಕೀಲಿ ಹಾಕಿದೆ, ಕೀಲಿ ಹಾಕಿದೆ ಅಂತ ಫೋನಿನಲ್ಲಿ ಒತ್ತಿಕೊಳ್ಳುತ್ತ ಹೊರಟಿದ್ದಳು. ಅಕ್ಕ ಓಡಿಹೋಗಿ ಅಡ್ಡ ನಿಂತಳು. ಹಾಗೆ ಬರೆದರೆ ಆ ಮನೆಯೇ ಊರ ಲೆಕ್ಕದಿಂದ ಹೋಗುತ್ತದೆ ಅಂತ ಅವಳ ಭಯ. “ಉನ್ನರಮ್ಮಾ, ಚೇನುಕು ಪೋಯಿನ್ರು” ಅಂತ ತೆಲುಗಿನಲ್ಲಿ ಅಂದಳು, ಅವರು ಇದ್ದಾರೆ, ಹೊಲಕ್ಕೆ ಹೋಗಿದ್ದಾರೆ ಅಂತ. ಆ ಹುಡುಗಿ ತುಕ್ಕು ಹಿಡಿದ ಕೀಲಿ ತೋರಿಸಿದಳು. ಅಕ್ಕ ಮೇಲೆ ಹೊಗೆ ತೋರಿಸಿದಳು. ಪಾಪ, ಆ ಹುಡುಗಿ ಎರಡನ್ನೂ ಮತ್ತೆ ಮತ್ತೆ ನೋಡಿ ಏನು ಒತ್ತಿಕೊಂಡು ಹೋದಳೋ ಗೊತ್ತಿಲ್ಲ.

ನನಗೆ ಮೈ ಜುಮ್ಮೆನ್ನಿಸುತ್ತಿದ್ದದ್ದು ಬೇರೆ. ಕಸ ಹೊಡೆಯುವಾಗ ಅವಳು ಆ ಖಾಲಿ ಮನೆಗಳಿಗೆ ಸುದ್ದಿ ಹೇಳುತ್ತಿದ್ದಳು. ನಿಮ್ಮ ಸಣ್ಣವನಿಗೆ ಹಲ್ಲು ಬಂದಿವೆಯಂತೆ, ನಿಮ್ಮ ಸೊಸೆ ಕಾಲಿಗೆ ಕಬ್ಬಿಣ ತಾಗಿತ್ತು, ಈಗ ಆರಾಮಿದ್ದಾಳಂತೆ. ಸುದ್ದಿ ಎಲ್ಲ ನನ್ನ ಖೋಲಿಯಲ್ಲಿ ಕೂತು ಕೇಳಿಸಿಕೊಂಡದ್ದೇ. ದುಡ್ಡು ಬಿಡಿಸಲು ಬಂದವರ ಪಕ್ಕದಲ್ಲಿ ಅವಳು ಕೂತಿರುತ್ತಿದ್ದಳು. ಎಷ್ಟು ಬಂತು ಅಂತ ಒಮ್ಮೆಯೂ ಕೇಳಿದವಳಲ್ಲ. ಎಲ್ಲಿಂದ ಬಂತು ಅಂತ ಕೇಳುತ್ತಿದ್ದಳು. ಪುಣೆ ಅಂದರೆ ಹೂಂ ಅನ್ನುವಳು, ಹೈದರಾಬಾದ್ ಅಂದರೆ ಹೂಂ ಅನ್ನುವಳು. ಅವಳು ಯಾವ ಊರಿನ ಹೆಸರಿಗೆ ಕಾಯುತ್ತಿದ್ದಳು ಅಂತ ನನಗೆ ಗೊತ್ತಿತ್ತು. ಅದಕ್ಕೇ ಅವಳಿದ್ದಾಗ ನನಗೆ ಆ ಪ್ರಶ್ನೆಗೆ ಉತ್ತರ ಹೇಳಲು ಬೇಜಾರು.

ಕೊರೊನಾ ವರ್ಷ ಎಲ್ಲರೂ ಬಂದರು. ಲಾರಿಯಲ್ಲಿ ಬಂದರು, ನಡೆದು ಬಂದರು, ಕಾಲಲ್ಲಿ ಬೊಬ್ಬೆ ಎದ್ದು ಬಂದರು. ಅಕ್ಕ ಒಂದೊಂದೇ ಕೀಲಿಕೈ ಬಿಚ್ಚಿ ಕೊಟ್ಟಳು, ಅವಳ ಸೊಂಟದಲ್ಲಿ ಸದ್ದೇ ಇಲ್ಲ. ಓಣಿಯ ತುಂಬ ಒಲೆ, ಮಕ್ಕಳ ಅಳು, ಜಗಳ. ಅವಳಂತೂ ಮದುವೆಮನೆಯವಳ ಹಾಗೆ ಓಡಾಡಿದಳು. ಆದರೆ ಸಂಜೆ ಊರ ಮುಂದಿನ ರಸ್ತೆಗೆ ಹೋಗಿ ಕೂತುಬಿಡುವಳು. ದೇಶಕ್ಕೆ ದೇಶವೇ ಮನೆ ಕಡೆ ನಡೆಯುತ್ತಿದ್ದಾಗ ಒಬ್ಬ ಮನುಷ್ಯ ಬರದೇ ಇದ್ದಾನು ಅಂತ ಅವಳಿಗೆ ಅನ್ನಿಸಿರಲಿಕ್ಕಿಲ್ಲ. ಕೊನೆಗೆ ರಸ್ತೆಯಲ್ಲಿ ಬರುವವರು ಮುಗಿದರು. ಅವಳು ಎದ್ದು ಬಂದು, ನನ್ನ ಹತ್ತಿರ ನೀರು ಇಸಕೊಂಡು ಕುಡಿದು ಹೋದಳು. ಆ ವರ್ಷ ನನಗೆ ಅವಳ ಗಂಡನ ಮೇಲೆ ಬಂದಷ್ಟು ಸಿಟ್ಟು, ಕಾಣದ ಮನುಷ್ಯನ ಮೇಲೆ ಯಾವತ್ತೂ ಬಂದಿಲ್ಲ.

ಎಲ್ಲರೂ ಮತ್ತೆ ಹೋದರು, ಕೀಲಿಕೈ ಮತ್ತೆ ಬಂದವು.

ಆಮೇಲಿನ ಒಂದು ಚಳಿಗಾಲದಲ್ಲಿ ಅವಳ ತಂಗಿಯ ಮಗಳ ಮದುವೆ, ಗದ್ವಾಲಿನಲ್ಲಿ. ಒಬ್ಬಳೇ ಹೋಗಲು ಒಲ್ಲೆ ಅಂದಳು ಅಂತ ನಾನೂ ಹೋದೆ. ಅಲ್ಲಿ ಮೂರು ದಿನ ಇದ್ದೆವು. ಅವಳು ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ಹಪ್ಪಳ ಕರಿದಳು, ಮದುಮಗಳಿಗೆ ಬಳೆ ತೊಡಿಸಿದಳು, ರಾತ್ರಿ ಹಾಸಿದ ಜಮಖಾನೆಯ ಮೇಲೆ ಹತ್ತು ಜನರ ನಡುವೆ ಬಿದ್ದುಕೊಂಡು ಗೊರಕೆ ಹೊಡೆದಳು. ಬರುವಾಗ ಬಸ್ಸು ಜೂರಾಲ ಅಣೆಕಟ್ಟಿನ ನೀರು ದಾಟುತ್ತಿದ್ದಾಗ ಕಿಟಕಿಯಿಂದ ಹೊರಗೆ ನೋಡುತ್ತ ಹೇಳಿದಳು:

“ಮಂದಿ ಉಸುರು ಇದ್ದ ಮನ್ಯಾಗ ನಿದ್ದಿ ಭಾಳ ಚಲೋ ಬರ್ತೈತಿ, ತಂಗಿ. ಮರ್ತೇ ಬಿಟ್ಟಿದ್ದೆ.”

ಮಕ್ತಲ್‌ನಲ್ಲಿ ಇಳಿದು ಆಟೋ ಹಿಡಿದು ಮಧ್ಯಾಹ್ನಕ್ಕೆ ಊರು ಸೇರಿದೆವು. ಅವಳ ಮನೆಯ ಬಾಗಿಲ ಚಿಲಕಕ್ಕೆ ಒಂದು ಪ್ಲಾಸ್ಟಿಕ್ ಚೀಲ ಸಿಕ್ಕಿಸಿತ್ತು. ಒಳಗೆ ಒಂದು ಪೊಟ್ಟಣ ಬಾಕರವಡಿ, ಪುಣೆಯ ಖಾರದ ತಿಂಡಿ. ಅದನ್ನು ಅವಳಿಗೆ ತರುವವನು ಒಬ್ಬನೇ, ಓಣಿಯ ಕೊನೆಯ ಸಾಲಿನ ಹಸಿರು ಬಣ್ಣದ ಮನೆಯವನು. ಅವನೂ ಅವನ ಹೆಂಡತಿಯೂ ಪುಣೆಯಲ್ಲಿ ಇಟ್ಟಿಗೆ ಹೊರುತ್ತಿದ್ದರು. ಆಗ ಎದುರಿಗೆ ಕಟ್ಟೆಯ ಮೇಲೆ ಕೂತಿದ್ದ ಮುದುಕಿಯೊಬ್ಬಳು ಸುಮ್ಮನೆ ಮಾತಿಗೆ ಅಂದಳು:

“ಮದಿವಿಗಿ ಹೋದ್ರೂ ನಿನ್ನ ಹೊಗಿ ತಪ್ಪಲಿಲ್ಲ ನೋಡು. ಯಾರಿಗಿ ಹೇಳಿ ಹೋಗಿದ್ದಿ? ಆ ಹಸರ ಮನ್ಯಾಗ ನಿನ್ನಿ ಮೊನ್ನಿ ಹೊಗಿ ಏಳತಿತ್ತು.”

ಹೊಗೆ ಹಾಕಲು ಅಕ್ಕ ಯಾರಿಗೂ ಹೇಳಿ ಹೋಗಿರಲಿಲ್ಲ. ಅವಳು ಚೀಲವನ್ನು ನೋಡಿದಳು, ಮುದುಕಿಯನ್ನು ನೋಡಿದಳು. ಆಮೇಲೆ ಅವಳು ಓಡಿದ್ದನ್ನು ನಾನು ಮರೆಯುವುದಿಲ್ಲ. ಮದುವೆಗೆ ಉಟ್ಟ ಸೀರೆ, ಕಾಲಲ್ಲಿ ಚಪ್ಪಲಿ ಇಲ್ಲ, ಸೊಂಟದಲ್ಲಿ ಗೊಂಚಲು ಎಗರುತ್ತಿತ್ತು.

ಹಸಿರು ಮನೆಯ ಮುಂದಿನ ಬಾಗಿಲಿಗೆ ಕೀಲಿ ಹಾಗೇ ಇತ್ತು. ಎಡಕ್ಕೂ ಬಲಕ್ಕೂ ಇರುವ ಮನೆಗಳೂ ಪುಣೆಗೆ ಹೋದವರದೇ. ಗೊಂಚಲಿನಲ್ಲಿ ಕೀಲಿಕೈ ಸಿಗಲಿಲ್ಲ. ಹಿತ್ತಲ ಗೋಡೆ ಸುತ್ತಿ ಹೋಗಿ ನೋಡಿದರೆ ತಗಡಿನ ಅಡಿಗೆಮನೆಯ ತಂತಿಯ ಚಿಲಕ ಬಿಚ್ಚಿತ್ತು. ಅವನು ಒಲೆಯ ಪಕ್ಕದಲ್ಲಿ ಚೀಲ ತಲೆಗಿಟ್ಟುಕೊಂಡು ಮಲಗಿದ್ದ. ಮೈ ಕೆಂಡದಂತೆ ಸುಡುತ್ತಿತ್ತು. ಒಲೆ ಆರಿಹೋಗಿತ್ತು.

ಆಮೇಲೆ ಅವನ ಹೆಂಡತಿಯಿಂದ ತಿಳಿದದ್ದು ಇಷ್ಟು. ಕೆಲಸದಲ್ಲಿ ಜ್ವರ ಬಂದು, ಊರಿಗೆ ಹೋಗಿ ನಾಲ್ಕು ದಿನ ಮಲಗಿ ಬರುತ್ತೇನೆ ಅಂತ ಹೊರಟಿದ್ದ. ಊರು ಮುಟ್ಟುವ ಮುಂಚೆ ಬಸ್ಸಿನಿಂದ ಫೋನು ಮಾಡಿದ್ದ. ಬೆಳಗಿನ ಜಾವ ಬಂದಿಳಿದು ಕೀಲಿಕೈಗೆ ಅಂತ ಅಕ್ಕನ ಬಾಗಿಲಿಗೆ ಹೋಗಿರಬೇಕು. ಅಕ್ಕ ಇಲ್ಲ. ಹಿಂದಿನಿಂದ ತನ್ನದೇ ಅಡಿಗೆಮನೆಗೆ ನುಗ್ಗಿ, ಒಲೆ ಹಚ್ಚಿ, ಗಂಜಿಯೋ ಚಹಾವೋ ಮಾಡಿಕೊಂಡಿದ್ದಾನೆ. ತಗಡಿನ ಅಡಿಗೆಮನೆಗೆ ಕರೆಂಟು ಇಲ್ಲ, ಫೋನು ಆರಿಹೋಯಿತು. ಹೆಂಡತಿ ಗಾಬರಿಯಾಗಿ ಊರಿನ ಯಾರಿಗೋ ಫೋನು ಮಾಡಿ, ನಮ್ಮವರು ಬಂದಿದ್ದಾರಾ ನೋಡಿ ಅಂದಿದ್ದಳಂತೆ. ಆ ಯಾರೋ ಹೋಗಿ ನೋಡಿದ್ದಾರೆ. ಕೀಲಿ ಇದೆ, ಹೊಗೆ ಬರುತ್ತಿದೆ. ಹೊಗೆ ಅಕ್ಕ ಯಾರಿಗೋ ಹೇಳಿ ಹಾಕಿಸಿದ್ದು, ಕೀಲಿ ಹಾಗೇ ಇದೆ, ನಿನ್ನ ಗಂಡ ಬಂದಿಲ್ಲ ಅಂತ ಹೇಳಿದ್ದಾರೆ. ಅವರದು ತಪ್ಪು ಅಂತ ಯಾರು ಹೇಳಬೇಕು? ಊರೆಲ್ಲ ಆ ಹೊಗೆ ನೋಡಿತ್ತು. ಬೇರೆ ಯಾವ ಊರಿನಲ್ಲಿ ಆಗಿದ್ದರೂ ಜನ ಗೋಡೆ ಹತ್ತಿ ನೋಡುತ್ತಿದ್ದರು.

ಆಟೋದಲ್ಲಿ ಅವನ ತಲೆ ಅಕ್ಕನ ತೊಡೆಯ ಮೇಲಿತ್ತು, ಕಾಲು ನನ್ನ ತೊಡೆಯ ಮೇಲೆ. ಅವನು ಒಮ್ಮೆ ಕಣ್ಣು ಬಿಟ್ಟ. ಗುರುತು ಹಿಡಿದ.

“ಕದ ಬಡದೆ ಅಕ್ಕಾ,” ಅಂದ. “ನೀವು ಇರಲಿಲ್ಲ.”

ದೂರುವ ದನಿಯಲ್ಲ. ಮನೆಗೆ ಬಂದಿದ್ದೆ, ನೀವು ಸಿಗಲಿಲ್ಲ ಅಂತ ನಾವು ನೀವು ಹೇಳುವುದಿಲ್ಲವೇ, ಹಾಗೆ. ಮಕ್ತಲ್ ಇನ್ನೂ ಸ್ವಲ್ಪ ದೂರ ಇದ್ದಾಗ ಅವನ ಕಾಲು ನನ್ನ ಕೈಯಲ್ಲಿ ತಣ್ಣಗಾದದ್ದು ನನಗೆ ತಿಳಿಯಿತು. ನಾನು ಹೇಳಲಿಲ್ಲ. ಅಕ್ಕ ದವಾಖಾನೆ ಬರುವವರೆಗೂ ಅವನಿಗೆ ಸೆರಗಿನಿಂದ ಗಾಳಿ ಹಾಕುತ್ತಲೇ ಇದ್ದಳು.

ಮಣ್ಣಾಗಿ, ದಿನಕರ್ಮ ಆಗಿ, ಅವನ ಹೆಂಡತಿ ಮತ್ತೆ ಪುಣೆಗೆ ಹೊರಟಳು. ಇಲ್ಲಿದ್ದರೆ ಉಣ್ಣುವುದೇನು? ಹೊರಡುವ ದಿನ ಕೀಲಿಕೈ ತಂದು ಅಕ್ಕನ ಮುಂದೆ ಹಿಡಿದಳು. ಅಕ್ಕ ಕೈ ಹಿಂದಕ್ಕೆ ಎಳೆದುಕೊಂಡಳು. ನನಗೆ ಕೊಡಬೇಡ, ನನ್ನ ಹೊಗೆಯೇ ನಿನ್ನ ಮನೆ ಹಾಳುಮಾಡಿತು ಅಂದಳು. ಆ ಹೆಣ್ಣುಮಗಳು ಸಿಟ್ಟಾಗಲಿಲ್ಲ, ಅಳಲಿಲ್ಲ.

“ನೀವು ತಗೊಳ್ಳಲಿಲ್ಲಂದ್ರ ನಾ ಇನ್ನ ಯಾರಿದ್ದಲ್ಲಿಗಿ ಬರ್ಲಿ, ಹೇಳ್ರಿ” ಅಂದಳು.

ಅಕ್ಕ ತಗೊಂಡಳು. ಅವತ್ತಿನಿಂದ ಅವಳು ಊರು ಬಿಟ್ಟು ಒಂದು ರಾತ್ರಿಯೂ ಹೊರಗೆ ಉಳಿಯಲಿಲ್ಲ. ಹೊಗೆ ಹಾಕುವುದನ್ನು ಬಿಟ್ಟುಬಿಡು ಅಂತ ಓಣಿಯವರು ಹೇಳಿದರು, ನಾನೂ ಹೇಳಿದೆ. ಬಿಡಲಿಲ್ಲ. ಆದರೆ ಹೊಗೆ ಹಾಕುವ ರೀತಿ ಬದಲಾಯಿತು. ಮುಂದಿನ ಬಾಗಿಲು ಹಾರುಹೊಡೆದು ತೆರೆದಿಟ್ಟು, ಒಲೆ ಪೂರ್ತಿ ಆರುವವರೆಗೆ ಹೊಸ್ತಿಲ ಮೇಲೆ ಕೂತಿರುತ್ತಿದ್ದಳು. ಹಾದುಹೋಗುವವರಿಗೆ ತನ್ನ ಮುಖ ಕಾಣಬೇಕು, ಹೊಗೆ ಇದ್ದಲ್ಲಿ ಮನುಷ್ಯರು ಕಾಣಬೇಕು ಅನ್ನುತ್ತಿದ್ದಳು. ಮೊದಲು ಒಂದು ಸಂಜೆಗೆ ಮುಗಿಯುತ್ತಿದ್ದ ಕೆಲಸಕ್ಕೆ ಈಗ ವಾರ ಹಿಡಿಯುತ್ತಿತ್ತು. ಹೊಗೆಗೆ ಎದೆ ಕಟ್ಟಿತು, ಕೆಮ್ಮು ಹತ್ತಿತು. ನಾನು ಬೈದರೆ ಕೆಮ್ಮುತ್ತಲೇ ನಗುವಳು.

ಇನ್ನೊಂದು ಅಭ್ಯಾಸ. ಕೀಲಿ ತೆಗೆಯುವ ಮುಂಚೆ ಬಾಗಿಲು ಬಡಿದು ಕೂಗುತ್ತಿದ್ದಳು: “ಒಳಗ ಯಾರಾರ ಅದೀರೇನ್ರೀ?” ಕೂಗಿ, ಕಿವಿಗೊಟ್ಟು, ಒಳಗಿರುವವರು ಹಾಸಿಗೆಯಿಂದ ಎದ್ದು ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಲ್ಲುತ್ತಿದ್ದಳು. ಓಣಿಯ ಮಕ್ಕಳು ಇದನ್ನೇ ಆಟ ಮಾಡಿಕೊಂಡಿದ್ದರು. ಒಮ್ಮೆ ನಾನು ಜೊತೆಗಿದ್ದಾಗ, ಅವಳು ಕೂಗಿದ ಮೇಲೆ ಒಳಗೆ ತಟ್ಟೆ ಬಿದ್ದ ಸದ್ದಾಯಿತು. ಇಲಿ ಇರಬೇಕು. ಅಕ್ಕ ನನ್ನ ಮುಂಗೈ ಹಿಡಿದುಕೊಂಡಳು. ಆ ಹಿಡಿತದಲ್ಲಿ ಹೆದರಿಕೆ ಎಷ್ಟಿತ್ತೋ ಆಸೆಯೂ ಅಷ್ಟೇ ಇತ್ತು. ನನಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು.

ಈ ಸಲದ ಚಳಿಗೆ ಅವಳು ಏಳಲಿಲ್ಲ. ನಮ್ಮ ಮನೆಗೇ ತಂದು ಮಲಗಿಸಿದ್ದೆವು. ಮಂದಿಯ ಉಸಿರಿದ್ದ ಮನೆ, ನಿದ್ದೆ ಬರುತ್ತಿದೆಯೇ ಅಂತ ಕೇಳಿದೆ. ಹೂಂ ಅಂದಳು. ಒಂದು ಮಧ್ಯಾಹ್ನ ಗೊಂಚಲು ಬಿಚ್ಚಿ ನನ್ನ ಮಡಿಲಿಗೆ ಹಾಕಿ ಒಂದೊಂದೇ ಬಟ್ಟೆಯ ಚೂರು ಹಿಡಿದು ಇದು ಇಂಥವರದು ಅಂತ ಹೇಳಿದಳು. ಅರ್ಧ ತಪ್ಪು ಹೇಳಿದಳು. ನಾನು ಎಲ್ಲಾ ನೋಡಿ, ನಿನ್ನ ಮನೆಯ ಕೀಲಿಕೈ ಎಲ್ಲಿ ಅಂದೆ.

“ನನ್ನ ಮನಿಗಿ ಕೀಲಿ ಹಾಕಬ್ಯಾಡ. ಕದ ಸುಮ್ಮ ಮುಂದಕ ಮಾಡಿ ಬಾ, ಸಾಕು,” ಅಂದಳು. ಸ್ವಲ್ಪ ಹೊತ್ತು ಕೆಮ್ಮಿದಳು. “ಉಳಿದ ಮನ್ಯಾಗ ಹೊಗಿ ಹಾಕು. ನನ್ನ ಮನ್ಯಾಗ ಯಾವತ್ತೂ ಹಾಕಬ್ಯಾಡ.”

ಯಾಕೆ, ನಿನ್ನ ಮನೆ ಸಾಯಬೇಕೇನು ಅಂತ ನಾನು ಜಬರಿಸಿದೆ.

“ಅಂವ ಬಂದ್ರ ಒಲಿ ಹಚ್ಚತಾನ,” ಅಂದಳು ಅಕ್ಕ. “ಅಂವ ಹಚ್ಚಿದ ಹೊಗಿ ನೋಡಿ ನೀ ಹಚ್ಚಿದ್ದು ಅಂತ ಯಾರೂ ಸುಮ್ಮಕ ಹೋಗಬಾರ್ದು.”

ನಾನು ಹೂಂ ಅಂದೆ.

ಅವಳು ಹೇಳಿದ ಹಾಗೇ ನಡೆಸುತ್ತಿದ್ದೇನೆ. ಸಂಜೆ ಮಿಷನ್ನು ಮುಚ್ಚಿ, ಗೊಂಚಲು ತಗೊಂಡು ಯಾವುದಾದರೂ ಒಂದು ಮನೆಗೆ ಹೋಗಿ, ಬಾಗಿಲು ಬಡಿದು ಕೂಗಿ, ಒಲೆ ಹಚ್ಚಿ ಹೊಸ್ತಿಲ ಮೇಲೆ ಕೂರುತ್ತೇನೆ. ಮಕ್ಕಳು ಈಗ ನನ್ನ ಹಾಗೆ ಕೂಗಿ ಆಟ ಆಡುತ್ತಾರೆ. ಯಾವ ಹೊಸ್ತಿಲ ಮೇಲೆ ಕೂತರೂ ಅಕ್ಕನ ಮನೆಯ ಮಾಡು ಒಂದಿಷ್ಟಾದರೂ ಕಾಣುತ್ತದೆ. ಊರಿನಲ್ಲಿ ಹೊಗೆ ಬರದ ಮನೆ ಅದೊಂದೇ. ಆ ಮನುಷ್ಯ ಬರುತ್ತಾನೆ ಅಂತ ನಾನು ನಂಬಿದವಳಲ್ಲ, ಇವತ್ತಿಗೂ ನಂಬುವುದಿಲ್ಲ. ಆದರೂ ಕಣ್ಣು ಆ ಕಡೆಗೇ ಹೋಗುತ್ತದೆ.

ಮೊನ್ನೆ ಹಸಿರು ಮನೆಯ ಹೊಸ್ತಿಲ ಮೇಲೆ ಕೂತಿದ್ದೆ. ಹೊತ್ತು ಮುಳುಗುತ್ತಿತ್ತು. ಅಕ್ಕನ ಮಾಡಿನ ಮೇಲೆ ತೆಳ್ಳಗೆ ಹೊಗೆ ಎದ್ದಿತು. ನಾನು ಎದ್ದು ಓಡಿದೆ, ಚಪ್ಪಲಿಯ ನೆನಪೂ ಆಗಲಿಲ್ಲ. ಮನೆಯ ಪಕ್ಕಕ್ಕೆ ಬಂದು ನೋಡಿದರೆ, ಹಿಂದಿನ ಖಾಲಿ ಜಾಗದಲ್ಲಿ ಹೊಸ ಮನೆ ಕಟ್ಟಲು ಬಂದ ಒಡಿಶಾದ ಗೌಂಡಿಗಳು ಮೂರು ಕಲ್ಲು ಇಟ್ಟು ಅನ್ನಕ್ಕೆ ಇಟ್ಟಿದ್ದರು. ಅವರ ಹೊಗೆ ಗೋಡೆ ಹತ್ತಿ ಬಂದಿತ್ತು, ಅಷ್ಟೇ. ಅವರು ನನ್ನನ್ನು ನೋಡಿ ಕೈ ಮುಗಿದರು.

ನಾನು ವಾಪಸು ಹೋಗಬಹುದಿತ್ತು. ಹಸಿರು ಮನೆಯಲ್ಲಿ ನನ್ನ ಒಲೆ ಇನ್ನೂ ಉರಿಯುತ್ತಿತ್ತು, ಅದನ್ನು ಬಿಟ್ಟು ಬರಬಾರದಿತ್ತು. ಆದರೂ ಕೀಲಿಯಿಲ್ಲದೆ ಮುಂದಕ್ಕೆ ಎಳೆದಿಟ್ಟಿದ್ದ ಅಕ್ಕನ ಬಾಗಿಲನ್ನು ಮೆಲ್ಲಗೆ ಬಡಿದೆ. ಒಳಗ ಯಾರಾರ ಅದೀರೇನ್ರೀ ಅಂತ ಕೂಗಿದೆ. ಒಬ್ಬ ಮನುಷ್ಯ ಹಾಸಿಗೆಯಿಂದ ಎದ್ದು ಬರಲು ಬೇಕಾಗುವಷ್ಟು ಹೊತ್ತು ನಿಂತೆ. ಆಮೇಲೆ ಇನ್ನೊಮ್ಮೆ ಕೂಗಿದೆ.